ಎಫ್.ಎ. ಫೇಲಾದ ರಾಮಾನುಜನ್

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಜಿಲ್ಲೆಗೆ ಮೊದಲು ಬಂದವರ ಮನೆ ಹುಡುಕಿಕೊಂಡು ಹೋಗಬೇಕು, ಅಪ್ಪ ಅಮ್ಮ ಪೇಡಾ ತಿನ್ನಿಸುವ ಫೋಟೊ ತೆಗೆದು ಕಳಿಸಬೇಕು. ಒಂದು ವರ್ಷ ಹಾಗೆ ಹೋಗಿ ಬರುವಾಗ ದಾರಿಯಲ್ಲಿ ಬೈಕ್ ಪಂಕ್ಚರ್ ಆಯಿತು. ಪಕ್ಕದ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಒಬ್ಬ ಹುಡುಗ ಎಷ್ಟು ಸುತ್ತು, ಎಷ್ಟು ತಂತಿ, ಎಷ್ಟು ದುಡ್ಡು ಎಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದ. ಕೇಳಿದೆವು. ಗಣಿತದಲ್ಲಿ 91, ಇಂಗ್ಲಿಷಿನಲ್ಲಿ ಫೇಲ್. ಎರಡು ಸಲ ಕಟ್ಟಿದನಂತೆ, ಆಗಲಿಲ್ಲ, ಬಿಟ್ಟ. ಅವನ ಬಗ್ಗೆ ನಾವು ಬರೆಯಲಿಲ್ಲ. ಫೇಲಾದವನ ಬಗ್ಗೆ ಬರೆದು ಕಳಿಸಿದರೆ ಇದರಲ್ಲಿ ಸುದ್ದಿ ಏನಿದೆ ಅನ್ನುತ್ತಾರೆ.

ಅವತ್ತಿನಿಂದ ಶ್ರೀನಿವಾಸ ರಾಮಾನುಜನ್ ಅವರ ಕಥೆಯನ್ನು ನಾವು ಬೇರೆ ಥರ ಓದುತ್ತಿದ್ದೇವೆ. ಸಾಮಾನ್ಯವಾಗಿ ಹೇಳುವ ಕಥೆ ಗೊತ್ತಲ್ಲ: ಬಡ ಹುಡುಗ, ಹಾರ್ಡಿಗೆ ಪತ್ರ, ಹಡಗು, ಕೇಂಬ್ರಿಡ್ಜ್. ನಡುವಿನ ಕೆಲವು ವರ್ಷಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನಮಗೆ ಬೇಕಾಗಿರುವುದು ಆ ವರ್ಷಗಳೇ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತರು. 1897ರ ಪ್ರೈಮರಿ ಪರೀಕ್ಷೆಯಲ್ಲಿ ಹುಡುಗ ಜಿಲ್ಲೆಗೇ ಮೊದಲು ಬಂದ. ಆ ಪರೀಕ್ಷೆಯಲ್ಲಿ ಲೆಕ್ಕದ ಜೊತೆ ಇಂಗ್ಲಿಷ್, ತಮಿಳು, ಭೂಗೋಳವೂ ಇದ್ದವು. ಅಂದರೆ ಬೇರೆ ವಿಷಯ ತಲೆಗೆ ಹತ್ತದ ಹುಡುಗನಲ್ಲ. ಇವತ್ತಾಗಿದ್ದರೆ ಪೇಡಾ ಫೋಟೊ ನಾವೇ ತೆಗೆಯುತ್ತಿದ್ದೆವು.

1903ರ ಹೊತ್ತಿಗೆ ಅವನ ಕೈಗೆ ಒಂದು ಪುಸ್ತಕ ಸಿಕ್ಕಿತು. ಕಾರ್ ಎಂಬ ಇಂಗ್ಲೆಂಡಿನ ಮನೆಪಾಠದ ಮೇಷ್ಟ್ರು ಬರೆದದ್ದು. ಅದರಲ್ಲಿ ಸಾವಿರಾರು ಸೂತ್ರಗಳಿವೆ, ಯಾಕೆ ಹಾಗೆ ಎಂಬ ವಿವರಣೆ ಕಡಿಮೆ. ಆ ವಿವರಣೆಯನ್ನು ತಾನೇ ಹುಡುಕುತ್ತಾ ಕುಳಿತ. ಕಾಗದಕ್ಕೆ ದುಡ್ಡಿಲ್ಲ, ಸ್ಲೇಟಿನ ಮೇಲೆ ಬರೆದು ಮೊಣಕೈಯಲ್ಲಿ ಒರೆಸುವುದು, ಉತ್ತರ ಮಾತ್ರ ನೋಟ್‌ಬುಕ್ಕಿಗೆ. ಒಮ್ಮೆ ಆ ರುಚಿ ಹತ್ತಿದ ಮೇಲೆ ರೋಮಿನ ಇತಿಹಾಸ, ಶರೀರಶಾಸ್ತ್ರ ಯಾವುದೂ ಬೇಡವಾಯಿತು.

1904ರಲ್ಲಿ ಹೈಸ್ಕೂಲು ಮುಗಿಸಿದಾಗ ಗಣಿತಕ್ಕೆ ಬಹುಮಾನ ಬಂತು. ಮೇಷ್ಟ್ರುಗಳು ಕೊಂಡಾಡಿದರು. ಇದನ್ನು ಹೇಳಲೇಬೇಕು, ಏಕೆಂದರೆ ಇಂಥ ಕಥೆಗಳಲ್ಲಿ ಮೇಷ್ಟ್ರನ್ನೇ ಖಳನಾಯಕ ಮಾಡುವುದು ರೂಢಿ. ಅಡ್ಡ ಬಂದದ್ದು ಮೇಷ್ಟ್ರಲ್ಲ, ನಿಯಮ. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಗಣಿತ ಬಿಟ್ಟು ಉಳಿದವುಗಳಲ್ಲಿ ಬಿದ್ದದ್ದರಿಂದ ಅದು ಹೋಯಿತು. ಒಂದು ಟರ್ಮಿನ ಫೀಸು 32 ರೂಪಾಯಿ, ಅಪ್ಪನ ಸಂಬಳ ತಿಂಗಳಿಗೆ 20. 1905ರಲ್ಲಿ ಹುಡುಗ ಹೇಳದೆ ಕೇಳದೆ ವಿಶಾಖಪಟ್ಟಣಕ್ಕೆ ಓಡಿಹೋದ. ಫೇಲಾಗಿ ಮನೆ ಬಿಟ್ಟ ಮಕ್ಕಳ ಸುದ್ದಿ ಇವತ್ತೂ ಬರೆಯುವ ನಮಗೆ, ಇಲ್ಲಿಗೆ ಬಂದಾಗಲೆಲ್ಲ ಓದು ನಿಲ್ಲುತ್ತದೆ.

ಮರುವರ್ಷ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು. ಎಫ್.ಎ. ಅಂದರೆ ಈಗಿನ ಪಿಯುಸಿಯಂಥದ್ದು, ಎಲ್ಲ ವಿಷಯವೂ ಪಾಸಾಗಬೇಕು. 1906ರಲ್ಲಿ ಫೇಲ್. 1907ರಲ್ಲಿ ಮತ್ತೆ ಕಟ್ಟಿದರು, ಮತ್ತೆ ಫೇಲ್. ಒಂದು ವಿಷಯದಲ್ಲಿ ಆಕಾಶ ಮುಟ್ಟಿದರೂ ಇನ್ನೊಂದರ ನೆಲ ತುಂಬುವುದಿಲ್ಲ. ಬುದ್ಧಿವಂತ ಮಗು ಶಾಲೆಯಲ್ಲಿ ಒದ್ದಾಡುವುದು ಎಷ್ಟೋ ಸಲ ಹೀಗೆ: ಮನಸ್ಸೆಲ್ಲ ಒಂದು ಕಡೆ ಸೆಳೆದುಹೋಗಿರುತ್ತದೆ, ಶಾಲೆ ಎಲ್ಲ ಕಡೆ ಸಮನಾಗಿ ಕೇಳುತ್ತದೆ. ಸೋಮಾರಿತನ ಎಂದು ಬೈಯುವುದು ಸುಲಭ.

ಮುಂದೆ ಮದುವೆಯಾಯಿತು, ಕೆಲಸ ಬೇಕಾಯಿತು. 1910ರಲ್ಲಿ ತಿರುಕೋಯಿಲೂರಿನ ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಹತ್ತಿರ ಒಂದು ಗುಮಾಸ್ತೆ ಕೆಲಸ ಕೇಳಿಕೊಂಡು ಹೋದರು. ಅವರು ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ ಕಟ್ಟಿದವರೂ ಹೌದು. ನೋಟ್‌ಬುಕ್ ನೋಡಿದರು, ಕೆಲಸ ಕೊಡಲಿಲ್ಲ. ಇಂಥವನನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಹೂತುಹಾಕಲು ಮನಸ್ಸಾಗದೆ ಪರಿಚಯ ಪತ್ರ ಕೊಟ್ಟು ಕಳಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಸ್ವಂತ ದುಡ್ಡಿನಿಂದ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ಅಲ್ಲಿಂದಲೇ ಹಾರ್ಡಿಗೆ ಪತ್ರ ಬರೆದರು. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾಲಯ ಪದವಿಯೇ ಇಲ್ಲದ ಇವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ಒಬ್ಬರಾದ ಮೇಲೊಬ್ಬರು ನೋಟ್‌ಬುಕ್ ತೆರೆದು ನೋಡಿದರು, ಅಂಕಪಟ್ಟಿ ಕೇಳಲಿಲ್ಲ.

ರೀವೈಂಡಿಂಗ್ ಅಂಗಡಿಯ ಹುಡುಗ ರಾಮಾನುಜನ್ ಎಂದು ನಾವು ಹೇಳುತ್ತಿಲ್ಲ. ಅವನ ನೋಟ್‌ಬುಕ್ ಯಾರೂ ಕೇಳಿಲ್ಲ, ನಾವೂ ಕೇಳಲಿಲ್ಲ. ಪಂಕ್ಚರ್ ಹಾಕಿಸಿಕೊಂಡು ಹೊರಟುಬಂದೆವು.

1916ರಲ್ಲಿ ಕೇಂಬ್ರಿಡ್ಜ್ ರಾಮಾನುಜನ್‌ಗೆ ಬಿ.ಎ. ಕೊಟ್ಟಿತು, ಸಂಶೋಧನೆಗಾಗಿ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರ ಏಪ್ರಿಲ್‌ನಲ್ಲಿ 32ನೇ ವಯಸ್ಸಿನಲ್ಲಿ ತೀರಿಕೊಂಡರು. ಎಫ್.ಎ. ಮಾತ್ರ ಕೊನೆಗೂ ಪಾಸಾಗಲಿಲ್ಲ.