ಬಾಲನಟ, ನಾಯಕ, ನಿರ್ದೇಶಕ: ಸಚಿನ್ ಪಿಳಗಾಂವ್ಕರ್

ಮರಾಠಿ ಹಾಗೂ ಹಿಂದಿ ಚಿತ್ರರಂಗಗಳಲ್ಲಿ ಆರು ದಶಕಗಳಿಗೂ ಮೀರಿ ದುಡಿದ ಸಚಿನ್ ಪಿಳಗಾಂವ್ಕರ್ ಮುಂಬಯಿ, ಪುಣೆಗಳ ಕನ್ನಡ ಮನೆಗಳಿಗೂ ಚಿರಪರಿಚಿತರು. 1957ರ ಆಗಸ್ಟ್ 17ರಂದು ಮುಂಬಯಿಯಲ್ಲಿ ಜನಿಸಿದ ಅವರು, ಇನ್ನೂ ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿನಲ್ಲೇ ರಾಜಾ ಪರಾಂಜಪೆಯವರ ‘ಹಾ ಮಾಝಾ ಮಾರ್ಗ ಏಕಲಾ’ ಮರಾಠಿ ಚಿತ್ರದಲ್ಲಿ ನಟಿಸಿದರು.

ಹೃಷಿಕೇಶ್ ಮುಖರ್ಜಿಯವರ ‘ಮಝಲಿ ದೀದಿ’ (1967) ಶರತ್‌ಚಂದ್ರರ ಕಥೆಯನ್ನು ಆಧರಿಸಿದ್ದು. ತಾಯಿಯನ್ನು ಕಳೆದುಕೊಂಡು ಮಲಸೋದರಿಯ ಮನೆ ಸೇರುವ ಕಿಶನ್‌ಗೆ ಅಲ್ಲಿ ತುತ್ತು ಅನ್ನವೂ ಹಂಗಿನದು. ಪ್ರೀತಿ ಸಿಕ್ಕುವುದು ಮೀನಾಕುಮಾರಿಯವರ ಪಾತ್ರದಿಂದ ಮಾತ್ರ. ಕರುಣೆಯನ್ನು ಬೇಡದೆ ಕರುಣೆ ಹುಟ್ಟಿಸುವ ಈ ಹುಡುಗನ ಪಾತ್ರವೇ ಸಚಿನ್‌ರ ಬಾಲಪಾತ್ರಗಳಲ್ಲಿ ಶ್ರೇಷ್ಠವೆಂದು ನಾವು ಭಾವಿಸುತ್ತೇವೆ.

ಮೀಸೆ ಮೂಡುವ ಹೊತ್ತಿಗೆ ಬಾಲನಟರು ತೆರೆಯಿಂದ ಮರೆಯಾಗುವುದೇ ಹೆಚ್ಚು. ಸಚಿನ್‌ರಿಗಾದರೋ ಆ ಮುಗ್ಧ ಮುಖವೇ ಬಂಡವಾಳವಾಯಿತು. ‘ಗೀತ್ ಗಾತಾ ಚಲ್’ (1975), ‘ಬಾಲಿಕಾ ಬಧು’ (1976), ‘ಅಖಿಯೋಂ ಕೆ ಝರೋಖೋಂ ಸೆ’ (1978) ಚಿತ್ರಗಳಲ್ಲಿ ಅವರು ನಾಯಕರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯಲ್ಲಿ (1975) ಕುರುಡ ಇಮಾಮರ ಮಗ ಅಹ್ಮದ್ ಆಗಿ ಕಾಣಿಸುವುದು ಕೆಲವೇ ನಿಮಿಷ. ತೆರೆಕಂಡ ಚಿತ್ರದಲ್ಲಿ ಅವನ ಕೊಲೆಯನ್ನು ತೋರಿಸುವುದಿಲ್ಲ. ಗಬ್ಬರ್ ತನ್ನ ತೋಳಿನ ಮೇಲಿನ ಇರುವೆಯನ್ನು ಹೊಸಕುತ್ತಾನೆ, ಬಳಿಕ ಕುದುರೆ ಶವವನ್ನು ಊರಿಗೆ ತರುತ್ತದೆ. ಎಳೆಯ ಮುಖದ ಆ ಹುಡುಗನಲ್ಲದಿದ್ದರೆ ಊರಿನ ಮೌನ ಅಷ್ಟು ಭಾರವೆನಿಸುತ್ತಿರಲಿಲ್ಲ. ‘ನದಿಯಾ ಕೆ ಪಾರ್’ (1982) ಚಿತ್ರದ ಹಳ್ಳಿಯ ಯುವಕ ಚಂದನ್ ಇಂದಿಗೂ ಉತ್ತರ ಭಾರತದ ಮನೆಮಾತು.

ಅದೇ ವರ್ಷ ‘ಮಾಯಿ ಬಾಪ್’ ಮೂಲಕ ಅವರು ನಿರ್ದೇಶಕರಾದರು. ತರುಣ ನಾಯಕನ ಚೌಕಟ್ಟು ಶಾಶ್ವತವಲ್ಲವೆಂಬುದನ್ನು ಅವರು ಸಕಾಲದಲ್ಲೇ ಅರಿತಂತಿದೆ. ‘ಅಶೀ ಹೀ ಬನವಾ ಬನವೀ’ (1988) ಚಿತ್ರದಲ್ಲಿ ಪುಣೆಯಲ್ಲಿ ಬಾಡಿಗೆ ಮನೆಗಾಗಿ ಸ್ನೇಹಿತರು ಹೆಣ್ಣುವೇಷ ತೊಡುವ ಪ್ರಸಂಗವಿದೆ (ಮನೆ ಹುಡುಕಿ ಬಳಲಿದ ನಮ್ಮವರಿಗೆ ಇದು ಬರೀ ನಗೆಯ ವಿಷಯವಲ್ಲ!). ತಮ್ಮ ನುಣುಪಾದ ಮುಖವನ್ನೇ ‘ಸುಧಾ’ಳನ್ನಾಗಿಸಿಕೊಂಡ ನಿರ್ದೇಶಕ, ಅಶೋಕ್ ಸರಾಫ್, ಲಕ್ಷ್ಮೀಕಾಂತ್ ಬೇರ್ಡೆಯವರಿಗೆ ಧಾರಾಳವಾಗಿ ಎಡೆಮಾಡಿಕೊಟ್ಟಿದ್ದಾರೆ. ಹರಕೆ ತೀರಿಸಲು ಗಣಪತಿಪುಳೆಗೆ ಹೊರಟ ದಂಪತಿಯ ‘ನವರಾ ಮಾಝಾ ನವಸಾಚಾ’ (2004) ಚಿತ್ರವನ್ನು ಅವರೇ 2007ರಲ್ಲಿ ವಿಷ್ಣುವರ್ಧನ್, ರಮೇಶ್ ಅರವಿಂದ್, ಪ್ರೇಮಾ ಅಭಿನಯದಲ್ಲಿ ‘ಏಕದಂತ’ ಎಂದು ಕನ್ನಡಕ್ಕೆ ತಂದರು.

ಆದರೂ ಆ ಮುಗ್ಧತೆಯ ಪೊರೆ ಪೂರ್ಣವಾಗಿ ಕಳಚಿದ್ದು ಇನ್ನೊಬ್ಬರ ನಿರ್ದೇಶನದಲ್ಲಿ. ಸುಬೋಧ್ ಭಾವೆಯವರ ‘ಕಟ್ಯಾರ್ ಕಾಳಜಾತ್ ಘುಸಲೀ’ (2015) ಚಿತ್ರದ ಖಾನ್‌ಸಾಹೇಬ್ ಅಸೂಯೆಯಲ್ಲಿ ಬೇಯುವ ಗಾಯಕ. ರಂಗಭೂಮಿಯಲ್ಲಿ ಡಾ. ವಸಂತರಾವ್ ದೇಶಪಾಂಡೆ ಅಮರಗೊಳಿಸಿದ್ದ ಪಾತ್ರವದು. ಚಿತ್ರದಲ್ಲಿ ಕಂಠ ಅವರ ಮೊಮ್ಮಗ ರಾಹುಲ್ ದೇಶಪಾಂಡೆಯವರದು, ಆ ಉರಿಗಣ್ಣು ಮಾತ್ರ ಸಚಿನ್‌ರದು.