ಸಂದಣಿಯಿಲ್ಲದ ಊರಿನಲ್ಲಿ ವೈ-ಫೈ ಏಕೆ ನಿಧಾನ? ಬೊಕ್ಕಾಪುರಂ ಕುರಿತು ಒಂದು ಟಿಪ್ಪಣಿ

ಮನೆಯ ವೈ-ಫೈ ನಿಧಾನವಾಯಿತೆಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಅಕ್ಕಪಕ್ಕದ ರೂಟರ್‌ಗಳು ಯಾವ ಚಾನೆಲ್‌ನಲ್ಲಿವೆ ನೋಡಿಕೊಂಡು ನೀವು ಬೇರೆ ಚಾನೆಲ್ ಹಿಡಿಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇದು ಒಪ್ಪುವ ಮಾತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ಕೆಲಸ ಮಾಡುವ ಚಾನೆಲ್‌ಗಳು ವಾಡಿಕೆಯಲ್ಲಿ 1, 6, 11 ಎಂಬ ಮೂರೇ. ಅಷ್ಟರಲ್ಲಿ ಹತ್ತಾರು ಮನೆಗಳು ಹೊಂದಿಕೊಳ್ಳಬೇಕು. ನೀಲಗಿರಿ ಜಿಲ್ಲೆಯಲ್ಲಿ, ಮಸಿನಗುಡಿಯ ಮಗ್ಗುಲಿನ ಬೊಕ್ಕಾಪುರಂಗೆ ಅದೇ ಸಲಹೆಯನ್ನು ಹೊತ್ತು ತಂದರೆ ಪ್ರಯೋಜನ ಕಡಿಮೆ. ಇದು ಸಿಗೂರು ಪ್ರಸ್ಥಭೂಮಿ. ಒಂದು ಕಡೆ ಕಡಿದಾಗಿ ಏರುವ ನೀಲಗಿರಿಯ ಗೋಡೆ, ಇನ್ನೊಂದು ಕಡೆ ಮುದುಮಲೆಯ ಕಾಡು. ತಮಿಳುನಾಡು ಸರ್ಕಾರ 2010ರಲ್ಲಿ ಅಧಿಸೂಚಿಸಿದ ಆನೆ ಕಾರಿಡಾರನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಎತ್ತಿಹಿಡಿಯಿತು. ಅದಕ್ಕೂ ಮೊದಲೇ, 2018ರಲ್ಲಿ, ಕಾರಿಡಾರಿನೊಳಗಿನ ರೆಸಾರ್ಟ್‌ಗಳಿಗೆ ಬೀಗ ಬೀಳತೊಡಗಿತ್ತು. ಇಂಥ ಕಡೆ ಮನೆಗಳು ಬಿಡಿಬಿಡಿ. ಪಕ್ಕದ ಮನೆಯ ರೂಟರ್ ನಮ್ಮ ಮನೆಯೊಳಕ್ಕೆ ಬಂದು ಕಾಟ ಕೊಡುವ ಸಾಧ್ಯತೆಯೇ ಅಲ್ಪ.

ಹಾಗಾದರೆ ರೂಟರ್‌ಗೂ ಮೇಜಿನ ಮೇಲಿನ ಕಂಪ್ಯೂಟರ್‌ಗೂ ನಡುವೆ ವೇಗ ಕುಸಿಯುವುದೇಕೆ? ನನ್ನ ವಾದ ಇಷ್ಟು: ಸಂದಣಿಯಿಲ್ಲದ ಊರಿನಲ್ಲಿ ತಪ್ಪನ್ನು ಕಾಂಪೌಂಡಿನ ಒಳಗೇ ಹುಡುಕಬೇಕು, ಅದರಲ್ಲೂ ಮೊದಲು ಕಂಪ್ಯೂಟರಿನ ಬೆನ್ನ ಹಿಂದೆ.

ಹುಡುಕುವ ಮುನ್ನ ಒಂದು ವಿಂಗಡಣೆ ಆಗಲೇಬೇಕು. ಇಂಟರ್‌ನೆಟ್ ನಿಧಾನವಾಗುವುದು ಬೇರೆ, ವೈ-ಫೈ ನಿಧಾನವಾಗುವುದು ಬೇರೆ. ಬೊಕ್ಕಾಪುರಂ ಮಾರಿಯಮ್ಮನ ಜಾತ್ರೆಗೆ ಜನ ಸೇರಿದಾಗ ಮೊಬೈಲ್ ಟವರಿನ ಮೇಲೆ ಹೊರೆ ಬೀಳುತ್ತದೆ. ಸಿಮ್ ಹಾಕಿದ ರೂಟರ್ ಬಳಸುವ ಮನೆಯಲ್ಲಿ ನೆಟ್ ತೆವಳುತ್ತದೆ. ಆದರೆ ಆ ಹೊತ್ತಿನಲ್ಲೂ ರೂಟರ್‌ನಿಂದ ಡೆಸ್ಕ್‌ಟಾಪ್‌ವರೆಗಿನ ಹಾದಿ ಎಂದಿನಂತೆಯೇ ಇರಬಹುದು. ಬ್ರೌಸರಿನ ಸ್ಪೀಡ್ ಟೆಸ್ಟ್ ಇವೆರಡನ್ನೂ ಬೆರೆಸಿ ಒಂದೇ ಅಂಕಿ ಕೊಡುವುದರಿಂದ ಈ ಕೆಲಸಕ್ಕೆ ಅದು ಸಾಕಾಗದು. ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಸೇರಿಸಿ, ಅದರಲ್ಲೂ ಡೆಸ್ಕ್‌ಟಾಪಿನಲ್ಲೂ ಐಪರ್ಫ್3 ಎಂಬ ಉಚಿತ ತಂತ್ರಾಂಶ ಓಡಿಸಿದರೆ ಹೊರಗಿನ ಜಾಲದ ಸೋಂಕಿಲ್ಲದೆ ಮನೆಯೊಳಗಿನ ವೇಗವಷ್ಟೇ ಸಿಗುತ್ತದೆ. ಎರಡೂ ದಿಕ್ಕಿನಲ್ಲಿ ಅಳೆಯುವುದು ಕಡ್ಡಾಯ. ಕಾರಣ ಮುಂದೆ ತಿಳಿಯುತ್ತದೆ. ಅಳೆಯುವಾಗ ರೂಟರಿನ ಕೇಬಲ್ ಕಿಂಡಿಯನ್ನೂ ಗಮನಿಸಬೇಕು. ಅಗ್ಗದ ರೂಟರ್‌ಗಳ ಕಿಂಡಿಗಳು 100 ಮೆಗಾಬಿಟ್‌ಗೆ ನಿಲ್ಲುತ್ತವೆ, ಪೆಟ್ಟಿಗೆಯ ಮೇಲೆ 300 ಎಂದು ಅಚ್ಚಾಗಿದ್ದರೂ. ಆ 300 ಕೂಡ ಗಾಳಿಯಲ್ಲಿ ಬಿಟ್‌ಗಳು ಹೊರಡುವ ವೇಗ. ಸರದಿ ಕಾಯುವುದು, ತಲುಪಿತೆಂಬ ಉತ್ತರ ಪಡೆಯುವುದು ಮೊದಲಾದವು ಕಳೆದು ಕಡತಕ್ಕೆ ಸಿಗುವುದು ಸರಿಸುಮಾರು ಅರ್ಧ. ಅರ್ಧ ಬಂದರೆ ದೋಷವೆಂದು ಭಾವಿಸಬೇಕಿಲ್ಲ.

ಇಲ್ಲಿ ಮೊದಲು ಅನುಮಾನಕ್ಕೆ ಗುರಿಯಾಗಬಹುದಾದ ಎರಡು ವಸ್ತುಗಳನ್ನು ಬಿಡುಗಡೆ ಮಾಡಿಬಿಡುತ್ತೇನೆ. ಸಿಂಗಾರದಲ್ಲಿ 1930ರ ದಶಕದಿಂದ ಪೈಕಾರ ಜಲವಿದ್ಯುತ್ ಕೇಂದ್ರ ನಡೆಯುತ್ತಿದೆ, ಅದರ ಹೈಟೆನ್ಷನ್ ತಂತಿಗಳು ಈ ಸೀಮೆಯಲ್ಲಿ ಹಾದುಹೋಗಿವೆ. ಆ ತಂತಿಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ; ವೈ-ಫೈ ಅಲೆ 240 ಕೋಟಿ ಸಲ. ತಂತಿಯ ಸುತ್ತ ಹುಟ್ಟುವ ಕರೋನಾ ಗದ್ದಲ ಹಳೆಯ ಮೀಡಿಯಂ ವೇವ್ ರೇಡಿಯೊವನ್ನು ಕೆಡಿಸುತ್ತದೆ ನಿಜ, ಗಿಗಾಹರ್ಟ್ಸ್ ಮಟ್ಟಕ್ಕೆ ಬರುವಷ್ಟರಲ್ಲಿ ಅದು ತೀರಾ ಕ್ಷೀಣ. ಎರಡನೆಯದು ಆನೆ ತಡೆಯುವ ಸೋಲಾರ್ ಬೇಲಿ. ಅದರ ಯಂತ್ರ ಸುಮಾರು ಸೆಕೆಂಡಿಗೊಂದು ಹೊಡೆತ ಬಿಡುತ್ತದೆ. ಹೊಡೆತದ ಆಯಸ್ಸು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ತಂತಿಗೆ ಬಳ್ಳಿ ತಗುಲಿ ಕಿಡಿ ಹಾರುತ್ತಿದ್ದು, ಆ ಕ್ಷಣದ ವೈ-ಫೈ ಪೂರ್ತಿ ಹಾಳಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ನಷ್ಟವಾಗುವುದು ಸಮಯದ ಸಾವಿರದಲ್ಲೊಂದು ಪಾಲಿನ ಆಸುಪಾಸು. ವೇಗ ಅರ್ಧಕ್ಕಿಳಿದದ್ದಕ್ಕೆ ಬೇಲಿಯನ್ನು ಹೊಣೆ ಮಾಡಲಾಗದು. ಮಳೆಯನ್ನೂ ಇದೇ ಸಾಲಿಗೆ ಸೇರಿಸಬಹುದು: 2.4 ಗಿಗಾಹರ್ಟ್ಸ್‌ನಲ್ಲಿ ಮನೆಯಷ್ಟು ದೂರಕ್ಕೆ ಮಳೆಹನಿಗಳು ಕಳೆಯುವುದು ನಗಣ್ಯ. ನೆನೆದ ಗೋಡೆ, ನೆನೆದ ಗಿಡಮರ ಹಾಗಲ್ಲ. ತಗಡು ಹೊದಿಸಿದ ಹೊರಕೋಣೆಯಂತೂ ಅಲೆಯನ್ನು ಹಿಂದಕ್ಕೇ ತಳ್ಳುತ್ತದೆ.

ಇನ್ನು ಡೆಸ್ಕ್‌ಟಾಪ್. ಲ್ಯಾಪ್‌ಟಾಪಿನ ಆಂಟೆನಾ ಬಹುತೇಕ ಪರದೆಯ ಅಂಚಿನಲ್ಲಿ, ಎತ್ತರದಲ್ಲಿ ಇರುತ್ತದೆ. ಡೆಸ್ಕ್‌ಟಾಪಿನದು ಮೇಜಿನ ಕೆಳಗೆ, ಉಕ್ಕಿನ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು. ಒಂದೇ ಕೋಣೆಯಲ್ಲಿ ಫೋನ್ ಚುರುಕಾಗಿದ್ದು ಡೆಸ್ಕ್‌ಟಾಪ್ ಕುಂಟುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಅದಕ್ಕಿಂತ ಎಷ್ಟೋ ದೊಡ್ಡದಾದ ಲೋಹದ ಹಾಳೆ ಅದಕ್ಕೆ ಗೋಡೆಯೇ ಸರಿ. 10 ಡೆಸಿಬೆಲ್ ಕಳೆದುಕೊಂಡರೆ ಉಳಿಯುವುದು ಹತ್ತನೆಯ ಒಂದು ಪಾಲು ಶಕ್ತಿ. ತಂತಿಯುಳ್ಳ ಆಂಟೆನಾವನ್ನು ಮೇಜಿನ ಮೇಲೆ ತಂದಿಟ್ಟರೆ ಈ ಭಾಗ ಮುಗಿಯಿತು.

ಹೆಚ್ಚು ಗಮನ ಬೇಡುವುದು ಯುಎಸ್‌ಬಿ 3.0. ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುವ ಈ ಕಿಂಡಿಯ ಸಂಕೇತ ತನ್ನ ಸುತ್ತ ಹರಡುವ ರೇಡಿಯೊ ಗದ್ದಲದೊಳಗೆ 2.4 ಗಿಗಾಹರ್ಟ್ಸ್ ಪಟ್ಟಿಯೂ ಸೇರಿಕೊಳ್ಳುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಶ್ವೇತಪತ್ರ ಇದನ್ನು ಅಳೆದು ತೋರಿಸಿತು. ಹತ್ತಿರದಲ್ಲಿ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್‌ವರೆಗೆ ಏರುತ್ತದೆ. ಬೆರಳಿನಷ್ಟುದ್ದದ ವೈ-ಫೈ ಅಡಾಪ್ಟರ್ ಒಂದು ಕಿಂಡಿಯಲ್ಲಿ, ಬ್ಯಾಕಪ್ ಡಿಸ್ಕ್ ಪಕ್ಕದ ಕಿಂಡಿಯಲ್ಲಿ ಇದ್ದರೆ ಅಡಾಪ್ಟರಿಗೆ ರೂಟರಿನ ಮಾತು ಕೇಳಿಸುವುದು ಹೇಗೆ?

ಎರಡು ದಿಕ್ಕಿನ ಅಳತೆ ಬೇಕೆಂದದ್ದು ಇದಕ್ಕಾಗಿಯೇ. ಗೋಡೆಯೋ ಕ್ಯಾಬಿನೆಟ್ಟೋ ಅಡ್ಡ ಬಂದರೆ ಹೋಗುವ ಅಲೆಯೂ ಬರುವ ಅಲೆಯೂ ಒಂದೇ ಪ್ರಮಾಣದಲ್ಲಿ ಸೊರಗುತ್ತವೆ. ಸಾಮಾನ್ಯವಾಗಿ ರೂಟರಿನ ಶಕ್ತಿ ಅಡಾಪ್ಟರಿನದಕ್ಕಿಂತ ಹೆಚ್ಚಿರುವುದರಿಂದ ಆಗ ಮೊದಲು ಕುಸಿಯುವುದು ಅಪ್‌ಲೋಡ್. ಗದ್ದಲ ಡೆಸ್ಕ್‌ಟಾಪಿನ ಬಳಿಯೇ ಹುಟ್ಟಿದರೆ ಕೇಳುವ ಕಿವಿ ಮಾತ್ರ ಕೆಡುತ್ತದೆ. ರೂಟರಿಗೆ ಡೆಸ್ಕ್‌ಟಾಪಿನ ಮಾತು ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ. ಆದ್ದರಿಂದ ಸಿಗ್ನಲ್ ಪಟ್ಟಿಗಳು ತುಂಬಿದ್ದು, ಅಪ್‌ಲೋಡ್ ಸರಿಯಿದ್ದು, ಡೌನ್‌ಲೋಡ್ ಮಾತ್ರ ಕುಸಿದಿದ್ದರೆ ಯುಎಸ್‌ಬಿ ಕಿಂಡಿಯತ್ತ ನೋಡಬೇಕು. ಡಿಸ್ಕ್ ಕಳಚಿ ಮತ್ತೆ ಅಳೆದರೆ ಉತ್ತರ ಖಚಿತ. ಅಡಾಪ್ಟರನ್ನು ಎಕ್ಸ್‌ಟೆನ್ಷನ್ ತಂತಿಯಿಂದ ದೂರಕ್ಕೆಳೆಯುವುದು ಅಥವಾ 5 ಗಿಗಾಹರ್ಟ್ಸ್‌ಗೆ ಹೋಗುವುದು ಪರಿಹಾರ. ಸಿಗ್ನಲ್ ಪಟ್ಟಿಗಳನ್ನು ನಂಬಿ ರೂಟರ್ ಬದಲಿಸಲು ಹೊರಟವರಿಗೆ ಈ ಒಂದು ಪರೀಕ್ಷೆ ದುಡ್ಡು ಉಳಿಸುತ್ತದೆ. ಅದಕ್ಕೇ ಇಷ್ಟು ವಿವರಿಸಿದೆ.

ಕಂಪ್ಯೂಟರಿನಲ್ಲಿ ಸಂಪರ್ಕದ ವೇಗ ಸರಿಯಾಗಿ 54 ಮೆಗಾಬಿಟ್ ಎಂದು ತೋರಿಸುತ್ತಿದ್ದರೆ ಕಾರಣ ಗಾಳಿಯಲ್ಲಿಲ್ಲ, ಪಾಸ್‌ವರ್ಡಿನ ಭದ್ರತಾ ವಿಧಾನದಲ್ಲಿರಬಹುದು. 2009ರ 802.11ಎನ್ ಮಾನದಂಡ ಹಳೆಯ ಡಬ್ಲ್ಯುಇಪಿ, ಟಿಕೆಐಪಿ ವಿಧಾನಗಳೊಂದಿಗೆ ತನ್ನ ಹೆಚ್ಚಿನ ವೇಗಗಳನ್ನು ಬಿಟ್ಟುಕೊಡುವುದಿಲ್ಲ. 2003ರ ಮಾನದಂಡದ 54ಕ್ಕೆ ಇಳಿದುಬಿಡುತ್ತದೆ. ರೂಟರಿನಲ್ಲಿ ಡಬ್ಲ್ಯುಪಿಎ2, ಎಇಎಸ್ ಆಯ್ದರೆ ಸಾಕು.

ಕಾಡಂಚಿನ ಮನೆಗೆ ವಿಶೇಷವಾದ ಮತ್ತೊಂದು ಕಾರಣವಿದೆ: ಗೇಟಿನ ಸಿಸಿಟಿವಿ. ರಾತ್ರಿ ಆನೆ ಬಂತೇ, ಚಿರತೆ ಸುಳಿಯಿತೇ ಎಂದು ನೋಡಲು ವೈ-ಫೈ ಕ್ಯಾಮೆರಾವನ್ನು ಅಂಗಳದಾಚೆ ಹಾಕಿದರೆ ಅದು ಮನೆಯ ಅತಿ ದೂರದ ಸಾಧನವಾಗುತ್ತದೆ, ಎಡೆಬಿಡದೆ ಕಳುಹಿಸುವ ಸಾಧನವೂ ಆಗುತ್ತದೆ. ವೈ-ಫೈ ಪ್ರತಿ ಸಾಧನಕ್ಕೂ ಸಮಾನ ಸರದಿ ಕೊಡುತ್ತದೆ, ಸಮಾನ ಸಮಯವನ್ನಲ್ಲ. 1500 ಬೈಟಿನ ಒಂದು ಕಂತು 300 ಮೆಗಾಬಿಟ್ ವೇಗದಲ್ಲಿ 0.04 ಮಿಲಿಸೆಕೆಂಡಿನಲ್ಲಿ ಹೊರಟುಹೋಗುತ್ತದೆ. ದೂರದ ಕ್ಯಾಮೆರಾ 6 ಮೆಗಾಬಿಟ್‌ಗೆ ಇಳಿದಿದ್ದರೆ ಅದೇ ಕಂತಿಗೆ 2 ಮಿಲಿಸೆಕೆಂಡ್, ಅಂದರೆ 50 ಪಟ್ಟು. ಅಷ್ಟು ಹೊತ್ತು ಡೆಸ್ಕ್‌ಟಾಪ್ ಬಾಯಿ ಮುಚ್ಚಿ ಕಾಯಬೇಕು. ಗ್ರೆನೋಬಲ್‌ನ ಮಾರ್ಟಿನ್ ಹಾಯ್ಸ್ ಮತ್ತು ಸಹೋದ್ಯೋಗಿಗಳು 2003ರಲ್ಲೇ ಈ ಅಸಂಗತತೆಯನ್ನು ಲೆಕ್ಕಹಾಕಿ ತೋರಿಸಿದ್ದರು: ನಿಧಾನದ ಒಂದು ಸಾಧನ ವೇಗದ ಎಲ್ಲ ಸಾಧನಗಳನ್ನೂ ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಇತ್ತೀಚಿನ ಕೆಲವು ರೂಟರ್‌ಗಳು ತಾವು ಕಳುಹಿಸುವ ಕಂತುಗಳಲ್ಲಿ ಸಮಯವನ್ನೇ ಹಂಚುತ್ತವೆ. ಆದರೆ ಕ್ಯಾಮೆರಾ ತಾನಾಗಿ ಕಳುಹಿಸುವುದರ ಮೇಲೆ ಅವುಗಳ ಹಿಡಿತ ಕಡಿಮೆ. ಕ್ಯಾಮೆರಾ ಆರಿಸಿ ಅಳೆದು, ಬೆಳಗಿಸಿ ಅಳೆದರೆ ಅದರ ಪಾಲು ತಿಳಿಯುತ್ತದೆ. ಕ್ಯಾಮೆರಾಗಳನ್ನು 2.4ರಲ್ಲೇ ಬಿಟ್ಟು ಡೆಸ್ಕ್‌ಟಾಪನ್ನು 5ಕ್ಕೆ ಸರಿಸುವುದು ನನಗೆ ಕಾಣುವ ಉತ್ತಮ ದಾರಿ. ಭಾರತದಲ್ಲಿ 2018ರ ನಿಯಮ 5 ಗಿಗಾಹರ್ಟ್ಸ್‌ನ ಇನ್ನಷ್ಟು ಭಾಗವನ್ನು ಪರವಾನಗಿ ಇಲ್ಲದೆ ಬಳಸಲು ತೆರೆದಿದೆ. ಆದರೆ ಒಂದೇ ಬಗೆಯ ಆಂಟೆನಾಕ್ಕೆ ಅಲ್ಲಿ ಸುಮಾರು 7 ಡೆಸಿಬೆಲ್ ಹೆಚ್ಚು ನಷ್ಟವಿದೆ. ದಪ್ಪ ಕಲ್ಲುಗೋಡೆ ನಡುವಿದ್ದರೆ ಇನ್ನೂ ಹೆಚ್ಚು.

ಆಗ 2.4ರಲ್ಲೇ ಉಳಿಯಬೇಕಾದ ಮನೆಗೆ ಬೊಕ್ಕಾಪುರಂ ಒಂದು ಅನುಕೂಲ ಕೊಡುತ್ತದೆ. ಚಾನೆಲ್ಲಿನ ಅಗಲವನ್ನು 20ರಿಂದ 40 ಮೆಗಾಹರ್ಟ್ಸ್‌ಗೆ ಏರಿಸಿದರೆ ಎರಡು ಆಂಟೆನಾಗಳ ಸಂಪರ್ಕ 144ರಿಂದ 300 ಮೆಗಾಬಿಟ್‌ಗೆ ಹೋಗುತ್ತದೆ. ನಗರದಲ್ಲಿ ಇದನ್ನು ಮಾಡಬೇಡಿ ಎನ್ನುವುದು ಸರಿಯೇ, ಏಕೆಂದರೆ ಅದು ನೆರೆಯವರ ಪಾಲನ್ನು ಕಸಿಯುತ್ತದೆ. ನೆರೆಮನೆಯ ಸಿಗ್ನಲ್ ತಲುಪದ ಕಡೆ ಆ ಆಕ್ಷೇಪಣೆಗೆ ಬುಡವಿಲ್ಲ.

ಡೆಸ್ಕ್‌ಟಾಪ್ ಕದಲದ ಯಂತ್ರವಾದ್ದರಿಂದ ಅದಕ್ಕೆ ಕೇಬಲ್ಲೇ ಸೂಕ್ತ ಎಂಬುದನ್ನು ನಾನು ಒಪ್ಪುತ್ತೇನೆ. ಕ್ಯಾಟ್ 5ಇ ತಂತಿ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಒಂದೇ ಸೂರಿನೊಳಗಾದರೆ ಎಳೆದುಬಿಡಬಹುದು. ಮನೆಯಿಂದ ಹೊರಕೋಣೆಗೆ ಬಯಲಲ್ಲಿ ತಾಮ್ರದ ತಂತಿ ಎಳೆದರೆ ಬೇಸಿಗೆ ಮಳೆಯ ಗುಡುಗು ಸಿಡಿಲಿನಲ್ಲಿ, ಹತ್ತಿರ ಸಿಡಿಲೆರಗಿದ ಮಾತ್ರಕ್ಕೇ, ಅದರಲ್ಲಿ ಹುಟ್ಟುವ ವೋಲ್ಟೇಜು ಎರಡೂ ತುದಿಯ ಯಂತ್ರಗಳನ್ನು ಸುಡಬಲ್ಲದು. ಆ ಅಂತರಕ್ಕೆ ಲೋಹವಿಲ್ಲದ ಫೈಬರ್ ತಂತಿ, ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ ಹಾಕಿಸಬೇಕು.