ನಂಗಲಿ ಘಟ್ಟದ ಹಾದಿ ಮತ್ತು ರಫ್ತಿನ ನಿರ್ಬಂಧ: ಗುಲಾಬಿ ಈರುಳ್ಳಿಯ ಬೆಳೆಗಾರರನ್ನು ಕುರಿತ ಒಂದು ಪರಿಶೀಲನೆ

೧

ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಶಾಸನಗಳಲ್ಲಿ ಪೂರ್ವದಿಕ್ಕಿನ ಮೇರೆಯಾಗಿ ನಂಗಲಿಯ ಘಟ್ಟವು ಉಕ್ತವಾಗಿದೆ. ಆತನ ವಿಜಯಗಳನ್ನು ಎಣಿಸುವ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗು ಮೊದಲಾದವುಗಳೊಡನೆ ನಂಗಲಿಯೂ ಸೇರಿದೆ. ಇಂದು ಮುಳಬಾಗಿಲು ತಾಲ್ಲೂಕಿನ ಒಂದು ಸಾಧಾರಣ ಊರಾಗಿ ತೋರುವ ಈ ಸ್ಥಳಕ್ಕೆ ಅಂದು ದೊರೆತಿದ್ದ ಪ್ರಾಮುಖ್ಯಕ್ಕೆ ಅದರ ನೆಲೆಯೇ ಕಾರಣ. ಮೈಸೂರಿನ ಪ್ರಸ್ಥಭೂಮಿಯಿಂದ ಪೂರ್ವದ ಬಯಲಿಗೆ ಇಳಿಯುವ ಹಾದಿಯ ಬಾಯಲ್ಲಿ ಅದು ನಿಂತಿದೆ. ಇಂತಹ ಘಟ್ಟವನ್ನು ಹಿಡಿದವನು ದಂಡಿನ ಚಲನೆಯನ್ನು ಮಾತ್ರವಲ್ಲದೆ ಸರಕಿನ ಚಲನೆಯನ್ನೂ ಹಿಡಿದಂತೆಯೇ. ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಾದಿಯ ಮೇಲಿನ ಸರಕು ಅರಸನ ಬೊಕ್ಕಸಕ್ಕೆ ಒಂದು ಮುಖ್ಯ ಆದಾಯವಾಗಿತ್ತೆಂಬುದಕ್ಕೆ ಅವೇ ಸಾಕ್ಷಿ.

ಕಾಲಾಂತರದಲ್ಲಿ ಗಡಿಯ ಸ್ವರೂಪ ಬದಲಾಯಿತು. ಗಡಿ ಮಾತ್ರ ಅಳಿಯಲಿಲ್ಲ. ನಂಗಲಿಯ ಆಚೆಗಿನ ಚಿತ್ತೂರು ಜಿಲ್ಲೆಯು ೧೯೧೧ರಲ್ಲಿ ರಚಿತವಾಗಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ, ಆ ಕಾಲದಲ್ಲಿ ಇದು ಮೈಸೂರು ಸಂಸ್ಥಾನಕ್ಕೂ ಬ್ರಿಟಿಷ್ ಇಂಡಿಯಾಕ್ಕೂ ನಡುವಣ ಗೆರೆಯಾಗಿತ್ತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದ ಮೇಲೆ ಎರಡು ರಾಜ್ಯಗಳ ನಡುವಣ ಗಡಿಯಾಯಿತು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ರದ್ದಾದಾಗ, ಇನ್ನು ಈ ಹಾದಿಯಲ್ಲಿ ರೈತನ ಸರಕಿಗೆ ತಡೆಯಿಲ್ಲವೆಂದು ಭಾವಿಸಲು ಅವಕಾಶವಿದ್ದಿತು. ಆದರೆ ತಡೆಯು ಘಟ್ಟದ ಬಾಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ದೂರದ ರಾಜಧಾನಿಯಲ್ಲಿ ಹೊರಡುವ ಒಂದು ಅಧಿಸೂಚನೆಯೂ ಹಾದಿಯನ್ನು ಮುಚ್ಚಬಲ್ಲದು. ಗುಲಾಬಿ ಈರುಳ್ಳಿಯ ಇತ್ತೀಚಿನ ಚರಿತ್ರೆಯಿಂದ ಈ ಮಾತನ್ನು ಸಮರ್ಥಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨

ಬೆಂಗಳೂರು ಗುಲಾಬಿ ಈರುಳ್ಳಿಯೆಂದು ಪ್ರಸಿದ್ಧವಾದ ಈ ತಳಿಯನ್ನು ಕೋಲಾರ, ಚಿಕ್ಕಬಳ್ಳಾಪುರ ಹಾಗೂ ಬೆಂಗಳೂರಿನ ಸುತ್ತಣ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಗಡ್ಡೆ ಚಿಕ್ಕದು, ಬಣ್ಣ ಕಡುಗೆಂಪು, ಖಾರ ಹೆಚ್ಚು. ೨೦೧೫ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಇದರ ಮಾರುಕಟ್ಟೆಯ ಸ್ವಭಾವ. ಬೆಳೆಯುವ ನಾಡಿನಲ್ಲಿಯೇ ಈ ಈರುಳ್ಳಿಗೆ ಬೇಡಿಕೆ ಅತ್ಯಲ್ಪ. ಇಲ್ಲಿನ ಅಡುಗೆಮನೆಗಳು ಬಯಸುವುದು ದಪ್ಪ ಗಡ್ಡೆಯ ಸಾಮಾನ್ಯ ಈರುಳ್ಳಿಯನ್ನು. ಗುಲಾಬಿ ಈರುಳ್ಳಿಯನ್ನು ಕೊಳ್ಳುವವರು ಮಲೇಷ್ಯಾ, ಸಿಂಗಾಪುರ, ಇಂಡೊನೇಷ್ಯಾ, ಶ್ರೀಲಂಕಾ ಮೊದಲಾದ ದೇಶಗಳವರು. ಆದುದರಿಂದ ಇದು ಹೊಲದಲ್ಲಿರುವಾಗಲೇ ರಫ್ತಿನ ಸರಕು. ಕೋಲಾರದ ಕಡೆಯಿಂದ ಮದರಾಸಿನ, ಎಂದರೆ ಇಂದಿನ ಚೆನ್ನೈಯ, ಬಂದರಿಗೆ ಮುಳಬಾಗಿಲು ನಂಗಲಿಗಳನ್ನು ದಾಟಿ ಚಿತ್ತೂರಿನ ಮೇಲೆ ಸಾಗುವ ಹೆದ್ದಾರಿಯೇ ಹಳೆಯ ಕಾಲದಿಂದ ರೂಢಿಯಾದ ಮಾರ್ಗ.

ಕೃಷಿಯು ರಾಜ್ಯಪಟ್ಟಿಯ ವಿಷಯ. ವಿದೇಶೀ ವ್ಯಾಪಾರವು ಕೇಂದ್ರಪಟ್ಟಿಯ ವಿಷಯ. ಬೆಳೆಯುವವನಿಗೆ ಬೀಜ, ಗೊಬ್ಬರ, ಸಲಹೆಗಳನ್ನು ಒದಗಿಸುವುದು ಒಂದು ಸರ್ಕಾರ. ಬೆಳೆದುದನ್ನು ಸಾಗಿಸಬಹುದೇ ಎಂದು ನಿರ್ಣಯಿಸುವುದು ಇನ್ನೊಂದು. ೧೯೪೭ರ ಆಮದು ರಫ್ತು ನಿಯಂತ್ರಣ ಶಾಸನದ ಸ್ಥಾನದಲ್ಲಿ ೧೯೯೨ರ ವಿದೇಶೀ ವ್ಯಾಪಾರ ಶಾಸನವು ಬಂದಿತಾದರೂ, ಅಧಿಸೂಚನೆಯೊಂದರಿಂದ ರಫ್ತನ್ನು ತಕ್ಷಣವೇ ನಿಲ್ಲಿಸುವ ಅಧಿಕಾರವು ಉಳಿದುಕೊಂಡಿತು.

೩

ಈ ಅಧಿಕಾರದ ಪ್ರಯೋಗವನ್ನು ಕಾಲಾನುಕ್ರಮವಾಗಿ ನೋಡೋಣ. ೨೦೧೯ರ ಮಳೆಗಾಲದಲ್ಲಿ ಅತಿವೃಷ್ಟಿಯಿಂದ ಈರುಳ್ಳಿಯ ಬೆಳೆ ಹಾಳಾಗಿ ನಗರಗಳಲ್ಲಿ ಬೆಲೆ ಏರಿತು. ಸೆಪ್ಟೆಂಬರ್ ೨೯ರಂದು ಎಲ್ಲ ಬಗೆಯ ಈರುಳ್ಳಿಯ ರಫ್ತನ್ನೂ ನಿಷೇಧಿಸಲಾಯಿತು. ಗುಲಾಬಿ ಈರುಳ್ಳಿಯ ಬೆಳೆಗಾರರು ತಮ್ಮ ಬೆಳೆಗೆ ಒಳನಾಡಿನಲ್ಲಿ ಗಿರಾಕಿಯಿಲ್ಲವೆಂದು ಮೊರೆಯಿಟ್ಟರು. ಅಕ್ಟೋಬರ್ ೨೮ರಂದು ವಿನಾಯಿತಿ ಬಂದಿತು: ನವೆಂಬರ್ ೩೦ರ ಒಳಗಾಗಿ ೯,೦೦೦ ಟನ್ನುಗಳನ್ನು ಕಳುಹಿಸಬಹುದು, ಚೆನ್ನೈ ಬಂದರಿನಿಂದ ಮಾತ್ರ ಕಳುಹಿಸಬೇಕು, ಸರಕಿನ ಬಗೆಯನ್ನೂ ಪ್ರಮಾಣವನ್ನೂ ಕರ್ನಾಟಕದ ತೋಟಗಾರಿಕಾ ಆಯುಕ್ತರು ದೃಢೀಕರಿಸಿರಬೇಕು. ಇಪ್ಪತ್ತು ಟನ್ನು ಹೊರುವ ಲಾರಿಯ ಲೆಕ್ಕದಲ್ಲಿ ಇದು ೪೫೦ ಲಾರಿಗಳ ಸರಕು. ಇಷ್ಟಕ್ಕೆ ದೊರೆತ ಕಾಲಾವಕಾಶ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು.

೨೦೨೦ರ ಮಾರ್ಚ್ ೧೫ರಂದು ನಿಷೇಧವು ತೆರವಾಯಿತು. ಅದೇ ವರ್ಷದ ಸೆಪ್ಟೆಂಬರ್ ೧೪ರಂದು ಮತ್ತೆ ನಿಷೇಧ ಬಂದಿತು. ಕೃಷಿ ಮಾರುಕಟ್ಟೆಯನ್ನು ಮುಕ್ತಗೊಳಿಸುವ ಉದ್ದೇಶದ ಮಸೂದೆಗಳು ಸಂಸತ್ತಿನ ಮುಂದಿದ್ದ ದಿನಗಳೂ ಅವೇ ಎಂಬುದು ಗಮನಾರ್ಹ. ಅಕ್ಟೋಬರ್ ೯ರಂದು ಗುಲಾಬಿ ಈರುಳ್ಳಿಗೆ ೧೦,೦೦೦ ಟನ್ನುಗಳ ವಿನಾಯಿತಿಯನ್ನೂ, ನಂಗಲಿಯ ಆಚೆಗೆ ಆಂಧ್ರದ ಕಡಪ ಜಿಲ್ಲೆಯಲ್ಲಿ ಬೆಳೆಯುವ ಕೃಷ್ಣಾಪುರಂ ಈರುಳ್ಳಿಗೆ ಅಷ್ಟೇ ಪ್ರಮಾಣದ ವಿನಾಯಿತಿಯನ್ನೂ ಕೊಡಲಾಯಿತು. ಭಾಷೆ ಬೇರೆ, ರಾಜ್ಯ ಬೇರೆ. ಸಂಕಟ ಮಾತ್ರ ಒಂದೇ ಆಗಿತ್ತು.

೨೦೨೩ರಲ್ಲಿ ಉಪಾಯವು ಬದಲಾಯಿತು. ಆಗಸ್ಟ್ ೧೯ರಂದು ಈರುಳ್ಳಿಯ ಮೇಲೆ ಶೇಕಡ ೪೦ರ ರಫ್ತು ಸುಂಕವನ್ನು ವಿಧಿಸಲಾಯಿತು. ಸೆಪ್ಟೆಂಬರ್ ೨೯ರಂದು ಗುಲಾಬಿ ಈರುಳ್ಳಿಯನ್ನು, ಆಯುಕ್ತರ ದೃಢೀಕರಣಪತ್ರದ ನಿಬಂಧನೆಯೊಡನೆ, ಅದರಿಂದ ಬಿಡಲಾಯಿತು. ೨೦೨೪ರ ಮೇ ೪ರಂದು ಸಾಮಾನ್ಯ ಈರುಳ್ಳಿಯ ನಿಷೇಧವನ್ನು ತೆಗೆದು ಶೇಕಡ ೪೦ರ ಸುಂಕವನ್ನು ಮತ್ತೆ ಹೇರಿದಾಗಲೂ, ಗುಲಾಬಿ ಈರುಳ್ಳಿಗೆ ಬಿಡುಗಡೆ ದೊರೆತುದು ಮೇ ೨೯ರಂದು. ಸುಂಕವು ಸೆಪ್ಟೆಂಬರಿನಲ್ಲಿ ಶೇಕಡ ೨೦ಕ್ಕೆ ಇಳಿದು, ೨೦೨೫ರ ಏಪ್ರಿಲ್ ೧ರಿಂದ ಪೂರ್ಣವಾಗಿ ರದ್ದಾಯಿತು.

೪

ಮೇಲಿನ ದಿನಾಂಕಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿರ್ಬಂಧಕ್ಕೂ ವಿನಾಯಿತಿಗೂ ನಡುವೆ ೨೦೧೯ರಲ್ಲಿ ೨೯ ದಿನ, ೨೦೨೦ರಲ್ಲಿ ೨೫ ದಿನ, ೨೦೨೩ರಲ್ಲಿ ೪೧ ದಿನ, ೨೦೨೪ರಲ್ಲಿ ೨೫ ದಿನ ಕಳೆದಿವೆ. ನಾಲ್ಕು ಸಲವೂ ವಿನಾಯಿತಿ ಬಂದಿದೆ. ನಾಲ್ಕು ಸಲವೂ ತಡವಾಗಿ ಬಂದಿದೆ. ಈ ತಳಿಯ ವೈಶಿಷ್ಟ್ಯವನ್ನು ಸರ್ಕಾರವು ಅರಿಯದೆ ಇದ್ದಿತೆಂದು ಹೇಳುವಂತಿಲ್ಲ. ಮೊದಲ ವಿನಾಯಿತಿಯೇ ಆ ಅರಿವಿನ ಒಪ್ಪಿಗೆ. ಆದರೂ ಪ್ರತಿಯೊಂದು ಸಲವೂ ಬೆಳೆಗಾರನು ಅದೇ ಮೊರೆಯನ್ನು ಮೊದಲಿಂದ ಇಡಬೇಕಾಯಿತು. ಕಚೇರಿಯ ಲೆಕ್ಕದಲ್ಲಿ ಇಪ್ಪತ್ತೈದು ದಿನಗಳು ಅಲ್ಪಕಾಲ. ಕಿತ್ತು ರಾಶಿಹಾಕಿದ ಈರುಳ್ಳಿಗೆ, ಅದರಲ್ಲಿಯೂ ಮಳೆಗಾಲದ ತೇವದಲ್ಲಿ, ಅದು ದೀರ್ಘಕಾಲ. ಅಷ್ಟರೊಳಗೆ ಸಾಲಕ್ಕೆ ಕಟ್ಟುಬಿದ್ದ ಸಣ್ಣ ಹಿಡುವಳಿದಾರನು ಬಂದ ಬೆಲೆಗೆ ಮಾರಿರುತ್ತಾನೆ. ಇಟ್ಟುಕೊಳ್ಳುವ ಶಕ್ತಿಯುಳ್ಳವನ ಉಗ್ರಾಣದಲ್ಲಿ ಸರಕಿರುತ್ತದೆ. ವಿನಾಯಿತಿಯ ಫಲವು ಯಾರಿಗೆ ಸೇರುವುದೆಂಬುದನ್ನು ವಿವರಿಸಬೇಕಾದುದಿಲ್ಲ. ದೃಢೀಕರಣಪತ್ರವನ್ನು ಪಡೆಯುವವನೂ ರಫ್ತುದಾರನೇ ಹೊರತು ಮಂಡಿಗೆ ಮೂಟೆ ಹೊತ್ತು ತಂದ ರೈತನಲ್ಲ.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಈರುಳ್ಳಿಯು ಬಡವನ ಊಟದ ಪದಾರ್ಥ. ಅದರ ಬೆಲೆ ಏರಿದಾಗ ಸರ್ಕಾರವು ಸುಮ್ಮನಿರಲಾಗದು. ಒಂದು ತಳಿಯನ್ನು ಮುಕ್ತವಾಗಿ ಬಿಟ್ಟರೆ ಅದರ ಹೆಸರಿನಲ್ಲಿ ಬೇರೆ ಈರುಳ್ಳಿಯೂ ಹೊರಗೆ ಹೋಗಬಹುದೆಂಬ ಶಂಕೆಯೂ ಅಕಾರಣವಲ್ಲ. ಒಂದೇ ಬಂದರು, ದೃಢೀಕರಣ ಮುಂತಾದ ನಿಬಂಧನೆಗಳಿಗೆ ಅದೇ ಮೂಲವೆಂದು ಊಹಿಸಬಹುದು. ಆದರೆ ಆ ವ್ಯವಸ್ಥೆಯನ್ನು ಮೊದಲೇ ಶಾಶ್ವತವಾಗಿ ನಿಲ್ಲಿಸಿದ್ದರೆ ಈ ೨೫, ೨೯, ೪೧ ದಿನಗಳ ನಷ್ಟವು ಉಂಟಾಗುತ್ತಿರಲಿಲ್ಲ.

ಹೊರದೇಶಗಳಲ್ಲಿಯೂ ಇದಕ್ಕೆ ಹೋಲಿಕೆಯುಂಟು. ನಮ್ಮ ಈರುಳ್ಳಿಯನ್ನು ಕೊಳ್ಳುವ ಮಲೇಷ್ಯಾದಲ್ಲಿ, ಒಂದು ಬಗೆಯ ಸಣ್ಣ ಹಕ್ಕಿಯು ತನ್ನ ಎಂಜಲಿನಿಂದ ಕಟ್ಟುವ ಗೂಡನ್ನು ಸಂಗ್ರಹಿಸಿ ಚೀನಾಕ್ಕೆ ಕಳುಹಿಸುವ ಉದ್ಯೋಗವಿದೆ. ಚೀನೀಯರು ಅದನ್ನು ಸಾರು ಮಾಡಿ ಕುಡಿಯುತ್ತಾರೆ. ೨೦೧೧ರಲ್ಲಿ ಆ ಗೂಡುಗಳಲ್ಲಿ ನೈಟ್ರೈಟ್ ಅಂಶವು ಕಂಡುಬಂದಿತೆಂದು ಚೀನಾವು ಅವುಗಳ ಆಮದನ್ನು ನಿಲ್ಲಿಸಿತು. ಬೆಲೆ ಕುಸಿಯಿತು, ಹಕ್ಕಿಗಳಿಗೆಂದೇ ಮನೆಗಳನ್ನು ಕಟ್ಟಿಸಿದ್ದ ಸಣ್ಣ ಬಂಡವಾಳಗಾರರು ಕಂಗೆಟ್ಟರು. ಅಲ್ಲಿ ತಡೆದುದು ಕೊಳ್ಳುವ ದೇಶ, ಇಲ್ಲಿ ತಡೆದುದು ಬೆಳೆಯುವ ದೇಶ. ಒಳನಾಡಿನಲ್ಲಿ ಬದಲಿ ಗಿರಾಕಿಯಿಲ್ಲದ ಸರಕಿನ ಉತ್ಪಾದಕನಿಗೆ ಈ ಎರಡರ ಪರಿಣಾಮವೂ ಒಂದೇ.

೫

ಗಡಿಯ ತಡೆಯು ವಿದೇಶೀ ವ್ಯಾಪಾರಕ್ಕೆ ಮಾತ್ರ ಸೀಮಿತವಾಗಿಲ್ಲ. ೨೦೨೫ರ ಜೂನ್ ೭ರಂದು ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವು ತನ್ನ ಜಿಲ್ಲೆಯನ್ನು ಪ್ರವೇಶಿಸದಂತೆ ಆಜ್ಞೆ ಹೊರಡಿಸಿತು. ಗಡಿಯ ತನಿಖಾ ಕೇಂದ್ರಗಳಲ್ಲಿ ಕಾವಲು ನಿಂತಿತು. ಶ್ರೀನಿವಾಸಪುರ, ಮುಳಬಾಗಿಲುಗಳ ಬೆಳೆಗಾರರು ತೋತಾಪುರಿಯನ್ನು ಮಾರುತ್ತಿದ್ದುದು ಬಹುಮಟ್ಟಿಗೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ. ಚಿತ್ತೂರಿನ ರೈತರಿಗೂ ಆ ವರ್ಷ ಬೆಲೆ ಬಿದ್ದಿತ್ತು. ಅವರನ್ನು ಕಾಪಾಡುವುದೇ ಆಜ್ಞೆಯ ಉದ್ದೇಶ. ಕರ್ನಾಟಕದ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಜೂನ್ ತಿಂಗಳ ಕೊನೆಗೆ ಕೇಂದ್ರವು ಕ್ವಿಂಟಾಲಿಗೆ ೧,೬೧೬ ರೂಪಾಯಿಗಳ ದರವನ್ನು ಆಧಾರವಾಗಿಟ್ಟು, ಕರ್ನಾಟಕದ ಎರಡೂವರೆ ಲಕ್ಷ ಟನ್ನು ಮಾವಿಗೆ ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿತು. ಭಾರತದಾದ್ಯಂತ ವ್ಯಾಪಾರವು ಮುಕ್ತವಾಗಿರತಕ್ಕದ್ದೆಂದು ಸಂವಿಧಾನದ ೩೦೧ನೆಯ ವಿಧಿಯು ಸಾರಿದ್ದರೂ, ಕೊಯ್ಲಿನ ಹೊತ್ತಿನಲ್ಲಿ ಗಡಿಯಲ್ಲಿ ನಿಂತ ಲಾರಿಗೆ ಆ ವಿಧಿಯು ಒದಗಿ ಬರಲಿಲ್ಲ. ಇಲ್ಲಿಯೂ ಪರಿಹಾರವು ನಷ್ಟದ ಹಿಂದೆ ನಡೆದು ಬಂದಿತು.

೬

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನವು ಇಷ್ಟು. ಹಿಂದಿನ ಸುಂಕವು ಭಾರವಾಗಿದ್ದಿರಬಹುದು. ಆದರೆ ಅದು ತಿಳಿದ ಭಾರ. ಹಾದಿಗೆ ಇಳಿಯುವ ಮೊದಲೇ ಸರಕಿನವನು ಅದನ್ನು ಲೆಕ್ಕಕ್ಕೆ ಹಿಡಿಯಬಹುದಾಗಿತ್ತು. ಇಂದಿನ ನಿರ್ಬಂಧದ ತೊಂದರೆಯು ಅದರ ಭಾರಕ್ಕಿಂತ ಹೆಚ್ಚಾಗಿ ಅದರ ಅನಿಶ್ಚಯತೆಯಲ್ಲಿದೆ. ಬಿತ್ತುವಾಗ ಇದ್ದ ನಿಯಮವು ಕೀಳುವಾಗ ಇರುವುದೆಂಬ ಭರವಸೆಯಿಲ್ಲ. ಈರುಳ್ಳಿಯ ಬೆಳೆಗೆ ಬೇಕಾದ ಮೂರು ನಾಲ್ಕು ತಿಂಗಳಷ್ಟು ಕಾಲವೂ ನಿಯಮವು ಸ್ಥಿರವಾಗಿ ನಿಲ್ಲದೆ ಇದ್ದುದನ್ನು ಕಂಡಿದ್ದೇವೆ. ವಿಷ್ಣುವರ್ಧನನ ಶಾಸನಕಾರರಿಗೆ ನಂಗಲಿಯು ರಾಜ್ಯವು ಮುಗಿಯುವ ಸ್ಥಳವಾಗಿತ್ತು. ಕೋಲಾರದ ಬೆಳೆಗಾರನಿಗೆ ಅದು ಮಾರುಕಟ್ಟೆಯು ಆರಂಭವಾಗುವ ಸ್ಥಳ. ಆ ಹಾದಿಯು ಯಾವಾಗ ತೆರೆದಿರುವುದು, ಯಾವಾಗ ಮುಚ್ಚಿರುವುದು ಎಂಬುದನ್ನು ಬಿತ್ತನೆಗೆ ಮೊದಲೇ ಅವನಿಗೆ ತಿಳಿಸುವುದು ಯಾವ ಸರ್ಕಾರಕ್ಕೂ ಅಸಾಧ್ಯವಾದ ಕಾರ್ಯವಲ್ಲ.